ಊರು, ಕೇರಿ ಮತ್ತು ದಾಸೋಹ: ಕಪಿಲಾ-ಕಾವೇರಿ ಸೀಮೆಯ ಗ್ರಾಮಸೇವೆಯ ಇತಿಹಾಸ

ನಾಡಿನ ಚರಿತ್ರೆಯೆಂದರೆ ಅರಸುಮನೆತನಗಳ ಏಳುಬೀಳು, ಕಾಳಗಗಳ ಸೋಲುಗೆಲುವು, ದಾನದತ್ತಿಗಳ ವಿವರ ಎಂಬ ಭಾವನೆ ಬಹುಕಾಲ ಬೇರೂರಿತ್ತು. ಬರಗಾಲದಲ್ಲಿ ಹಸಿದವರಿಗೆ ಅಂಬಲಿ ಕಾಯಿಸಿದವರಾರು, ಒಡೆದ ಕೆರೆಯ ಏರಿಗೆ ಮಣ್ಣು ಹೊತ್ತವರಾರು, ಹಳ್ಳಿಯ ಬಡ ಹುಡುಗನಿಗೆ ಅನ್ನವಿಕ್ಕಿ ಅಕ್ಷರ ಕಲಿಸಿದವರಾರು ಎಂಬ ಪ್ರಶ್ನೆಗಳು ಚರಿತ್ರಕಾರರ ಲೇಖನಿಗೆ ಬಂದುದು ತೀರ ಈಚೆಗೆ. ಆದರೆ ಒಂದು ಜನಾಂಗದ ಸಂಸ್ಕೃತಿಯನ್ನು ಅಳೆಯಲು ಇವಕ್ಕಿಂತ ನಂಬಿಕೆಗೆ ಅರ್ಹವಾದ ಅಳತೆಗೋಲುಗಳು ಬೇರೆ ಇಲ್ಲ. ಅರಮನೆಯ ವೈಭವ ಒಂದು ಕಾಲದ್ದು; ಊರು ತನ್ನ ಕಷ್ಟಕ್ಕೆ ತಾನೇ ಹೆಗಲು ಕೊಡುವ ಶಕ್ತಿ ಎಲ್ಲ ಕಾಲಕ್ಕೂ ಬೇಕಾದದ್ದು.

ಈ ದೃಷ್ಟಿಯಿಂದ ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳು ವಿಶೇಷ ಪರಿಶೀಲನೆಗೆ ಅರ್ಹವಾಗಿವೆ. ಕಪಿಲೆಯು ಹುಲ್ಲಹಳ್ಳಿ, ನಂಜನಗೂಡು, ಸುತ್ತೂರುಗಳನ್ನು ಹಾಯ್ದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅಲ್ಲಿಂದ ಮುಂದೆ ಹೊಳೆಯು ತಲಕಾಡಿನ ಮರಳು ದಿಬ್ಬಗಳನ್ನು ಬಳಸಿ ಹರಿಯುತ್ತದೆ. ಕಾಲುವೆಯ ನೀರುಂಡು ಎರಡು ಬೆಳೆ ಕಾಣುವ ಗದ್ದೆಬಯಲು ಒಂದೆಡೆ. ಮಳೆಯನ್ನೇ ನಂಬಿ ರಾಗಿ, ಜೋಳ, ಹುರುಳಿ ಬಿತ್ತುವ ಬೆದ್ದಲ ನೆಲ ಮತ್ತೊಂದೆಡೆ. ಹೊಳೆಯ ದಡದಲ್ಲಿದ್ದೂ ನೀರಿಗಾಗಿ ಬಾಯಾರಿದ ಊರುಗಳು ಇಲ್ಲಿ ಕಡಿಮೆಯಲ್ಲ. ಆದುದರಿಂದಲೇ ಇಲ್ಲಿ ಗ್ರಾಮಸೇವೆಯ ಹಲವು ಮಾದರಿಗಳು ಹುಟ್ಟಿದವು: ನೂಲಿನ ಕೇಂದ್ರ, ಅನ್ನದ ಮನೆ, ಸರ್ಕಾರದ ಯೋಜನೆ, ಹೆಣ್ಣುಮಕ್ಕಳ ಸಂಘ. ಇವುಗಳಲ್ಲಿ ಯಾವುದು ನಿಂತಿತು, ಯಾವುದು ಬಿದ್ದಿತು, ಏಕೆ ಎಂಬುದನ್ನು ತುಲನೆ ಮಾಡಿದಾಗ ಒಂದು ಸತ್ಯ ಸ್ಪಷ್ಟವಾಗುತ್ತದೆ. ಪಡೆಯುವವನನ್ನು ಕೊಡುವವನನ್ನಾಗಿ ಮಾಡಿದ ಸೇವೆ ಉಳಿದಿದೆ. ಊರನ್ನೂ ಕೇರಿಯನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಲಾರದ ಸೇವೆ ಎಷ್ಟೇ ಹಿರಿದಾಗಿದ್ದರೂ ಕುಸಿದಿದೆ.

ಹಳೆಯ ಕಟ್ಟು

ಹಿಂದಿನ ಗ್ರಾಮವ್ಯವಸ್ಥೆಯಲ್ಲಿ ಪರಸ್ಪರ ನೆರವೆಂಬುದು ಪ್ರತ್ಯೇಕ ಪುಣ್ಯಕಾರ್ಯವಾಗಿರಲಿಲ್ಲ. ಅದು ಬದುಕಿನ ಕಟ್ಟಾಗಿತ್ತು. ನಾಟಿಗೆ, ಕಳೆಗೆ, ಕುಯ್ಲಿಗೆ ಒಬ್ಬರ ಹೊಲಕ್ಕೊಬ್ಬರು ಮುಯ್ಯಾಳಾಗಿ ಹೋಗುವುದು ವಾಡಿಕೆ. ಸುಗ್ಗಿಯ ಕಣದಲ್ಲಿ ಆಯಗಾರರಿಗೆ ಅವರವರ ಪಾಲು ಅಳೆದುಕೊಟ್ಟ ನಂತರವೇ ರೈತನ ಮನೆಗೆ ರಾಶಿ ಹೋಗುತ್ತಿತ್ತು. ಬೇಸಗೆಯಲ್ಲಿ ದಾರಿಹೋಕರಿಗೆ ಅರವಟ್ಟಿಗೆ, ಜಾತ್ರೆಗೆ ಬಂದವರಿಗೆ ಛತ್ರ, ದನಕರುಗಳಿಗೆ ಕಲ್ಲಿನ ತೊಟ್ಟಿ, ಇವೆಲ್ಲ ಊರವರ ಕೊಡುಗೆಗಳೇ. ತಲಕಾಡಿನ ಸಮೀಪ ಕಾವೇರಿಗೆ ಕಟ್ಟಿರುವ, ಇಂದಿಗೂ ಮಾಧವಮಂತ್ರಿಯ ಹೆಸರಿನಿಂದ ಕರೆಯಲ್ಪಡುವ ಅಣೆಕಟ್ಟೆಯಾಗಲಿ, ಹುಲ್ಲಹಳ್ಳಿಯ ಬಳಿ ಕಪಿಲೆಗೆ ಹಾಕಿದ ಅಣೆಯಾಗಲಿ ಪ್ರಭುತ್ವದ ಆಶ್ರಯದಿಂದ ಆದವು ನಿಜ. ಆದರೆ ಕಾಲುವೆಯ ಹೂಳೆತ್ತುವುದು, ತೂಬು ಕಾಯುವುದು, ಸರದಿಯ ಮೇಲೆ ನೀರು ಹಂಚುವುದು ಊರಿನ ಹೊಣೆಯಾಗಿತ್ತು. ನೀರುಗಂಟಿಯ ಮಾತನ್ನು ಊರಿನ ಗೌಡನೂ ಮೀರುವಂತಿರಲಿಲ್ಲ.

ಆದರೆ ಈ ಕಟ್ಟನ್ನು ಬರಿಯ ಹೊನ್ನಿನ ಕಾಲವೆಂದು ಹೊಗಳುವುದು ಸತ್ಯಕ್ಕೆ ದೂರವಾದೀತು. ಊರಿನ ಬಾವಿಯಲ್ಲಿ ಕೇರಿಯವರಿಗೆ ನೀರಿರಲಿಲ್ಲ. ಗುಡಿಯ ಪ್ರಸಾದ ಅವರ ಬೊಗಸೆಗೆ ಮೇಲಿನಿಂದ ಬೀಳುತ್ತಿತ್ತು. ಕೆರೆಗೆ ಮಣ್ಣು ಹೊತ್ತವರಲ್ಲಿ ಅವರೇ ಮುಂದು. ಕೆರೆಯ ನೀರುಣ್ಣುವ ಗದ್ದೆಯ ಒಡೆತನದಲ್ಲಿ ಅವರೇ ಹಿಂದು. ‘ಊರೊಟ್ಟು’ ಎಂಬ ಮಾತಿನಲ್ಲಿ ಎಲ್ಲರೂ ಸೇರಿರಲಿಲ್ಲವೆಂಬುದೇ ಹಳೆಯ ವ್ಯವಸ್ಥೆಯ ಮೂಲದೋಷ. ಹನ್ನೆರಡನೆಯ ಶತಮಾನದ ಶರಣರು ಕಲ್ಯಾಣದಲ್ಲಿ ಈ ದೋಷವನ್ನು ಬೇರಿನಲ್ಲಿಯೇ ಕತ್ತರಿಸಲು ಯತ್ನಿಸಿದರು. ಸಮಗಾರ ಹರಳಯ್ಯನವರ ಮತ್ತು ಬ್ರಾಹ್ಮಣ ಮಧುವರಸರ ಮನೆತನಗಳ ನಡುವೆ ನಡೆದ ಮದುವೆಗೆ ಅವರಿಬ್ಬರೂ ಪ್ರಾಣದ ಬೆಲೆ ತೆತ್ತರೆಂಬ ವೃತ್ತಾಂತ ಶರಣ ಪರಂಪರೆಯಲ್ಲಿ ಸುಪ್ರಸಿದ್ಧ. ಕಾಯಕ ಮತ್ತು ದಾಸೋಹಗಳೆಂಬ ಎರಡು ತತ್ತ್ವಗಳನ್ನು ಅವರು ಬೇರ್ಪಡಿಸಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ದುಡಿಯದೆ ಕೊಡುವುದು ದಾಸೋಹವಲ್ಲ. ಕೊಡುವೆನೆಂಬ ಹಮ್ಮಿನಿಂದ ಕೊಟ್ಟದ್ದೂ ದಾಸೋಹವಲ್ಲ. ಗ್ರಾಮಸೇವೆಯ ಯಾವುದೇ ಪ್ರಯತ್ನವನ್ನು ತೂಗಲು ಈ ನಾಡಿನಲ್ಲಿಯೇ ಹುಟ್ಟಿದ ತಕ್ಕಡಿ ಇದು.

ಬರಗಾಲದಿಂದ ಕಲಿತ ಪಾಠ

೧೮೭೬ರಿಂದ ೧೮೭೮ರವರೆಗೆ ಮೈಸೂರು ಸೀಮೆಯನ್ನು ಬಡಿದ ಮಹಾಕ್ಷಾಮವು ಹಳೆಯ ಕಟ್ಟಿನ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೇ ಬಯಲಿಗಿಟ್ಟಿತು. ೧೮೭೧ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೂ ಮೀರಿದ್ದ ಸಂಸ್ಥಾನದ ಜನಸಂಖ್ಯೆ ೧೮೮೧ರ ವೇಳೆಗೆ ಸುಮಾರು ೪೧ ಲಕ್ಷ ೮೬ ಸಾವಿರಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ನಾಡು ಎಂಟೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ಆಗ ಬ್ರಿಟಿಷ್ ಕಮಿಷನರ ಆಡಳಿತವಿತ್ತು. ಗಂಜಿ ಕೇಂದ್ರಗಳು ತೆರೆದವು, ಕಲ್ಲು ಒಡೆಯುವ ಕಾಮಗಾರಿಗಳು ನಡೆದವು. ಆದರೆ ಊರುಬಿಟ್ಟು ಕೇಂದ್ರಕ್ಕೆ ನಡೆದು ಬರುವಷ್ಟು ತ್ರಾಣವುಳ್ಳವರಿಗೆ ಮಾತ್ರ ಅವು ದಕ್ಕಿದವು. ತ್ರಾಣವಿಲ್ಲದವರು ದಾರಿಯಲ್ಲಿ ಉಳಿದರು. ನೆರವು ಊರೊಳಗೇ ಸಿದ್ಧವಾಗಿರದಿದ್ದರೆ ಹೊರಗಿನಿಂದ ಬರುವ ವೇಳೆಗೆ ಕಾಲ ಮೀರಿರುತ್ತದೆ ಎಂಬುದು ಆ ಬರ ಕಲಿಸಿದ ಕಠಿಣ ಪಾಠ.

ಮುಂದೆ ಸಂಸ್ಥಾನದ ಆಡಳಿತವು ಈ ಪಾಠವನ್ನು ಕಾಯಿದೆಯ ರೂಪಕ್ಕೆ ತರಲು ಯತ್ನಿಸಿತು. ೧೯೧೧ರ ಕೆರೆ ಪಂಚಾಯತಿ ಕಾನೂನು, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದ ಗ್ರಾಮಾಭಿವೃದ್ಧಿ ಯೋಜನೆ, ೧೯೨೬ರ ಗ್ರಾಮ ಪಂಚಾಯತಿ ಕಾನೂನು, ಇವೆಲ್ಲ ಹಳ್ಳಿಯ ಜನರ ಶ್ರಮವನ್ನೂ ಹಣವನ್ನೂ ಹಳ್ಳಿಯ ಕೆಲಸಕ್ಕೇ ತೊಡಗಿಸುವ ಉದ್ದೇಶದವು. ಉದ್ದೇಶ ಸ್ತುತ್ಯವೇ. ಆದರೆ ಹಿಂದೆ ಊರಿನ ನಡಾವಳಿಯಾಗಿದ್ದ ಕೆಲಸ ಅಮಲ್ದಾರರ ತನಿಖೆಗೆ ಒಳಪಟ್ಟ ಕೂಡಲೇ ಅದು ‘ಸರ್ಕಾರದ ಕೆಲಸ’ವಾಯಿತು. ಕೆರೆ ತಮ್ಮದೆಂಬ ಭಾವನೆ ಸಡಿಲವಾದೆಡೆ ಏರಿಯ ಮೇಲಿನ ಗಿಡ ಮರವಾಗಿ ಬೆಳೆದು ಏರಿಯನ್ನೇ ಸೀಳಿತು. ಕಾಯಿದೆ ಕೈಗೆ ಕೆಲಸ ಕೊಡಬಲ್ಲದು. ಮನಸ್ಸಿಗೆ ಮಮತೆಯನ್ನು ಕೊಡಲಾರದು.

ತಗಡೂರು ಮತ್ತು ಬದನವಾಳು

ಈ ಮಮತೆಯನ್ನು ಬೇರೊಂದು ದಾರಿಯಿಂದ ಎಚ್ಚರಿಸಿದವರು ನಂಜನಗೂಡು ತಾಲ್ಲೂಕಿನ ತಗಡೂರು ರಾಮಚಂದ್ರರಾಯರು. ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಅವರು ಗಾಂಧೀಜಿಯವರ ಕರೆಗೆ ಓಗೊಟ್ಟು, ೧೯೨೦ರ ದಶಕದಲ್ಲಿ ತಗಡೂರಿನಲ್ಲಿ ಸತ್ಯಾಗ್ರಹಾಶ್ರಮವನ್ನು ಕಟ್ಟಿ ಖಾದಿ ಪ್ರಚಾರ ಮತ್ತು ಅಸ್ಪೃಶ್ಯತಾ ನಿವಾರಣೆಗಳಿಗೆ ತಮ್ಮ ಬಾಳನ್ನು ಮುಡಿಪಾಗಿಟ್ಟರು. ಸಂಸ್ಥಾನದ ಸ್ವಾತಂತ್ರ್ಯ ಚಳವಳಿಯಲ್ಲಿ, ೧೯೩೮ರ ಶಿವಪುರ ಧ್ವಜ ಸತ್ಯಾಗ್ರಹದಲ್ಲಿ, ಅವರ ಹೆಸರು ಮುಂಚೂಣಿಯಲ್ಲಿ ಬರುತ್ತದೆ. ಆದರೆ ಗ್ರಾಮಚರಿತ್ರೆಯ ದೃಷ್ಟಿಯಿಂದ ಧ್ವಜಕ್ಕಿಂತ ಮಿಗಿಲಾದುದು ಅವರು ಹಿಡಿಸಿದ ರಾಟೆ. ಊರಿನ ಹಿರಿಯರ ವಿರೋಧವನ್ನು ಲೆಕ್ಕಿಸದೆ ಕೇರಿಯ ಹೆಣ್ಣುಮಕ್ಕಳ ಕೈಗೆ ಅರಳೆಯನ್ನಿಟ್ಟದ್ದು ಅಂದಿಗೆ ಸಣ್ಣ ಸಾಹಸವಾಗಿರಲಿಲ್ಲ.

೧೯೨೭ರ ಬೇಸಗೆಯಲ್ಲಿ ಗಾಂಧೀಜಿಯವರು ಆರೋಗ್ಯ ಸುಧಾರಣೆಗಾಗಿ ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ತಂಗಿದ್ದರು. ಅದೇ ಜುಲೈ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಖಾದಿ ಪ್ರದರ್ಶನವೂ ನಡೆಯಿತು. ಆ ವರ್ಷವೇ ಮೈಸೂರು ಸರ್ಕಾರದ ಕೈಗಾರಿಕಾ ಇಲಾಖೆಯು ೧೯೨೫ರಲ್ಲಿ ಸ್ಥಾಪಿತವಾಗಿದ್ದ ಅಖಿಲ ಭಾರತ ಚರಕಾ ಸಂಘದ ಸಹಕಾರದೊಡನೆ ಬದನವಾಳಿನಲ್ಲಿ ಖಾದಿ ಕೇಂದ್ರವನ್ನು ತೆರೆಯಿತು. ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿರುವ ಈ ಬೆದ್ದಲ ನಾಡಿನ ಹಳ್ಳಿಯನ್ನು ಆರಿಸಿಕೊಂಡದ್ದು ಅರ್ಥಪೂರ್ಣವಾಗಿತ್ತು. ಸುಗ್ಗಿ ಮುಗಿದ ಮೇಲೆ ಮುಂಗಾರಿನವರೆಗೆ ಕೂಲಿಯಿಲ್ಲದೆ ಕೂತಿರುವ ಕೈಗಳು ಇಲ್ಲಿ ಸಾವಿರಾರು. ದೇಶೀಯ ಸಂಸ್ಥಾನವೊಂದು ಸ್ವಾತಂತ್ರ್ಯ ಚಳವಳಿಯ ಲಾಂಛನವಾಗಿದ್ದ ಖಾದಿಗೆ ತಾನಾಗಿ ಆಶ್ರಯವಿತ್ತದ್ದು ದೇಶದ ಗಮನವನ್ನು ಸೆಳೆಯಿತು.

ಕೇಂದ್ರದ ಕಾರ್ಯವಿಧಾನ ಸರಳವಾಗಿತ್ತು. ಬೀಜ ತೆಗೆದ ಅರಳೆಯನ್ನು ಹಿಂಜಿ ಹಂಜಿ ಮಾಡಿ ಹೆಂಗಸರಿಗೆ ಕೊಡಲಾಗುತ್ತಿತ್ತು. ಅವರು ಮನೆಗೆಲಸದ ಬಿಡುವಿನಲ್ಲಿ ನೂತು ತಂದ ಲಡಿಗಳನ್ನು ನೂಲಿನ ಸಣ್ಣತನ ಮತ್ತು ಗಟ್ಟಿತನ ನೋಡಿ ಕೂಲಿ ಕೊಟ್ಟು ಪಡೆಯಲಾಗುತ್ತಿತ್ತು. ಆ ನೂಲು ಸುತ್ತಿನ ಊರುಗಳ ನೇಕಾರರ ಮಗ್ಗವೇರಿ ಬಟ್ಟೆಯಾಗುತ್ತಿತ್ತು. ಹಿಂಜುವವನು, ನೂಲುವವಳು, ನೇಯುವವನು, ಉಡುವವನು, ಹೀಗೆ ನಾಲ್ಕು ಜಾತಿಯ ನಾಲ್ಕು ಮನೆಗಳನ್ನು ಒಂದೇ ಎಳೆ ಪೋಣಿಸಿತು. ದೊರೆಯುತ್ತಿದ್ದ ಕೂಲಿ ಅಲ್ಪ. ಆದರೆ ಉಳಿದ ತಿಂಗಳುಗಳಲ್ಲಿ ಕಾಸಿನ ಮುಖವನ್ನೇ ಕಾಣದಿದ್ದ ಮನೆಗೆ ಅದು ಉಪ್ಪು, ಮೆಣಸಿನಕಾಯಿ, ಸೀಮೆಎಣ್ಣೆಗಳ ದಾರಿಯಾಯಿತು. ಅದಕ್ಕಿಂತ ಮುಖ್ಯವಾಗಿ ಆ ಹಣ ಹೆಂಗಸಿನ ಕೈಗೆ ನೇರವಾಗಿ ಬರುತ್ತಿತ್ತು. ಕೂಲಿ ಜೀವನಕ್ಕೆ ಸಾಲುವಷ್ಟಿರಬೇಕೆಂದು ಗಾಂಧೀಜಿಯವರು ಪಟ್ಟು ಹಿಡಿದುದರಿಂದ ೧೯೩೫ರಲ್ಲಿ ಚರಕಾ ಸಂಘವು ನೂಲುವವರ ಕೂಲಿಯನ್ನು ಏರಿಸುವ ನಿರ್ಣಯವನ್ನು ಕೈಗೊಂಡಿತು. ಬಟ್ಟೆಯ ಬೆಲೆ ಏರಿದರೂ ಚಿಂತೆಯಿಲ್ಲ, ನೂಲುವವಳ ಹೊಟ್ಟೆ ಬರಿದಾಗಬಾರದು ಎಂಬ ಈ ನೀತಿ ವ್ಯಾಪಾರದ್ದಲ್ಲ, ಧರ್ಮದ್ದು.

೧೯೩೪ರ ಜನವರಿಯ ಮೊದಲ ವಾರದಲ್ಲಿ ಗಾಂಧೀಜಿಯವರು ಹರಿಜನೋದ್ಧಾರದ ಯಾತ್ರೆಯಲ್ಲಿ ಮೈಸೂರು ಸೀಮೆಗೆ ಬಂದಾಗ ತಗಡೂರು, ಬದನವಾಳುಗಳನ್ನು ಸಂದರ್ಶಿಸಿದರು. ದೇಶದ ದೊಡ್ಡ ನಗರಗಳನ್ನೆಲ್ಲ ಕಂಡವರು ಬೆದ್ದಲ ಹಳ್ಳಿಗಳನ್ನು ಹುಡುಕಿ ಬಂದದ್ದಕ್ಕೆ ಕಾರಣ ಸ್ಪಷ್ಟ. ಖಾದಿ ಮತ್ತು ಅಸ್ಪೃಶ್ಯತಾ ನಿವಾರಣೆ ಎರಡು ಬೇರೆ ಕೆಲಸಗಳಲ್ಲ, ಒಂದೇ ಕೆಲಸದ ಎರಡು ಮುಖಗಳು ಎಂಬುದಕ್ಕೆ ಈ ಊರುಗಳು ಸಾಕ್ಷಿಯಾಗಿದ್ದವು.

ಸುತ್ತೂರಿನ ಅನ್ನದ ಮನೆ

ಬದನವಾಳಿನಲ್ಲಿ ನೂಲು ಹೇಗೋ ಹಾಗೆ ಕಪಿಲೆಯ ದಡದ ಸುತ್ತೂರಿನಲ್ಲಿ ಅನ್ನ. ಶ್ರೀ ಶಿವರಾತ್ರೀಶ್ವರ ಶಿವಯೋಗಿಗಳಿಂದ ಸ್ಥಾಪಿತವೆಂದು ಪರಂಪರೆ ಹೇಳುವ ಸುತ್ತೂರು ಶ್ರೀಕ್ಷೇತ್ರದಲ್ಲಿ ದಾಸೋಹ ಹೊಸದಾಗಿರಲಿಲ್ಲ. ಆದರೆ ದಾಸೋಹವನ್ನು ವಿದ್ಯೆಯೊಡನೆ ಬೆಸೆದು ಹಳ್ಳಿಗಳ ಭವಿತವ್ಯವನ್ನೇ ಬದಲಿಸಿದವರು ಲಿಂಗೈಕ್ಯ ಜಗದ್ಗುರು ಡಾ. ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು (೧೯೧೬-೧೯೮೬). ಅಂದು ನಂಜನಗೂಡು, ನರಸೀಪುರ ಸೀಮೆಯ ಹುಡುಗ ಹಳ್ಳಿಯ ಶಾಲೆಯನ್ನು ಮುಗಿಸಿ ಮುಂದೆ ಓದಬೇಕೆಂದರೆ ಮೈಸೂರಿಗೆ ಹೋಗಬೇಕಾಗಿತ್ತು. ಅಲ್ಲಿ ಊಟಕ್ಕೆ ವಾರಾನ್ನ, ಮಲಗಲು ಯಾರದೋ ಜಗಲಿ. ಮನೆಯವರು ಕೊಟ್ಟ ರಾಗಿಹಿಟ್ಟಿನ ಗಂಟು ಖಾಲಿಯಾದೊಡನೆ ಎಷ್ಟೋ ಮಂದಿಯ ಓದೂ ನಿಲ್ಲುತ್ತಿತ್ತು. ಬುದ್ಧಿಯ ಕೊರತೆಯಿಂದಲ್ಲ, ಅನ್ನದ ಕೊರತೆಯಿಂದ ಹಳ್ಳಿ ಹಿಂದುಳಿದಿದೆಯೆಂಬುದನ್ನು ಕಂಡುಕೊಂಡ ಪೂಜ್ಯರು ೧೯೪೧ರಲ್ಲಿ ಮೈಸೂರಿನಲ್ಲಿ ಉಚಿತ ಪ್ರಸಾದ ನಿಲಯವನ್ನು ಆರಂಭಿಸಿದರು.

ಕಾಲ ಅನುಕೂಲವಾಗಿರಲಿಲ್ಲ. ಎರಡನೆಯ ಮಹಾಯುದ್ಧದ ದೆಸೆಯಿಂದ ದವಸಕ್ಕೆ ಅಭಾವ, ಎಲ್ಲೆಡೆ ಪಡಿತರ. ನಿಲಯದ ಒಲೆ ಆರದಿರಲೆಂದು ಮಠದ ಒಡವೆಗಳನ್ನೇ ಮಾರಿದರೆಂಬ ನೆನಪು ಶಿಷ್ಯವರ್ಗದಲ್ಲಿ ಇಂದಿಗೂ ಹಸಿರಾಗಿದೆ. ಆದರೆ ಒಡವೆ ಎಷ್ಟು ದಿನ ಅನ್ನವಾದೀತು? ನಿಲಯವನ್ನು ನಿಜವಾಗಿ ನಡೆಸಿದ್ದು ಹಳ್ಳಿಗಳ ಕಣಗಳು. ಭಕ್ತರು ಸುಗ್ಗಿಯಲ್ಲಿ ತಮ್ಮ ರಾಶಿಯಿಂದ ಅಳೆದುಕೊಟ್ಟ ರಾಗಿ, ಭತ್ತ, ಅವರೆ, ಹುರುಳಿಗಳು ಗಾಡಿಯೇರಿ ಬಂದವು. ಮನೆಯಲ್ಲಿ ಎರಡು ಪಲ್ಲ ರಾಗಿ ಮಾತ್ರ ಉಳಿದ ರೈತನೂ ಒಂದು ಕೊಳಗ ಕೊಟ್ಟ. ಆ ಕೊಳಗದಿಂದ ಅವನ ಮಗನೇ ಉಣ್ಣುತ್ತಿದ್ದನೋ ಬೇರೆಯವನ ಮಗನೋ ಎಂದು ಯಾರೂ ಕೇಳಲಿಲ್ಲ. ಉಂಡು ಓದಿದವನು ಮೇಷ್ಟರೋ ಗುಮಾಸ್ತನೋ ಡಾಕ್ಟರೋ ಆಗಿ ಮುಂದೆ ಮತ್ತೊಬ್ಬ ಹುಡುಗನ ಅನ್ನಕ್ಕೆ ನೆರವಾದ. ಪಡೆದವನು ಕೊಡುವವನಾಗುವ ಈ ಸರಪಳಿಯೇ ದಾಸೋಹದ ಅರ್ಥಶಾಸ್ತ್ರ. ತುಮಕೂರಿನ ಸಿದ್ಧಗಂಗೆಯಲ್ಲಿಯೂ ಚಿತ್ರದುರ್ಗದ ಮುರುಘಾಮಠದ ಪರಂಪರೆಯಲ್ಲಿಯೂ ಇದೇ ತತ್ತ್ವ ಬೇರೆಬೇರೆ ರೂಪಗಳಲ್ಲಿ ಫಲಿಸಿದೆ.

೧೯೫೪ರಲ್ಲಿ ಸ್ಥಾಪಿತವಾದ ಜಗದ್ಗುರು ಶ್ರೀ ಶಿವರಾತ್ರೀಶ್ವರ ಮಹಾವಿದ್ಯಾಪೀಠವು ಈ ಸಣ್ಣ ಒಲೆಯಿಂದಲೇ ಬೆಳೆದದ್ದು. ಮೊದಲು ಹಳ್ಳಿಯ ಹುಡುಗನನ್ನು ಪಟ್ಟಣಕ್ಕೆ ಕರೆತಂದ ಕೆಲಸ ಮುಂದೆ ಶಾಲೆಯನ್ನೇ ಹಳ್ಳಿಗೆ ಒಯ್ದಿತು. ಸುತ್ತೂರಿನ ಉಚಿತ ವಸತಿಶಾಲೆ, ಅಲ್ಲಿಯ ಕೃಷಿ ವಿಜ್ಞಾನ ಕೇಂದ್ರ ಇವು ಆ ಬೆಳವಣಿಗೆಯ ಗುರುತುಗಳು. ಪುಷ್ಯ ಬಹುಳ ದ್ವಾದಶಿಯಿಂದ ನಡೆಯುವ ಸುತ್ತೂರು ಜಾತ್ರೆಯ ಸ್ವರೂಪವೂ ಮಾರ್ಪಟ್ಟಿದೆ. ತೇರು, ಕೊಂಡೋತ್ಸವಗಳ ಜೊತೆಗೆ ದನಗಳ ಜಾತ್ರೆ, ಕೃಷಿ ಮೇಳ, ಸಾಮೂಹಿಕ ವಿವಾಹಗಳು ಅದರ ಅಂಗಗಳಾಗಿವೆ. ಮಗಳ ಮದುವೆಗಾಗಿ ಹೊಲ ಅಡವಿಟ್ಟು ತಲೆಮಾರು ಸಾಲ ತೀರಿಸುತ್ತಿದ್ದ ಸೀಮೆಯಲ್ಲಿ ಎಲ್ಲ ಜಾತಿಯ ವಧೂವರರು ಒಂದೇ ಚಪ್ಪರದಡಿಯಲ್ಲಿ ಖರ್ಚಿಲ್ಲದೆ ದಾಂಪತ್ಯಕ್ಕೆ ಕಾಲಿಡುವುದು ಸಂಸ್ಕಾರವೂ ಹೌದು, ಋಣವಿಮೋಚನೆಯೂ ಹೌದು.

ಯೋಜನೆಗಳ ಕಾಲ

ಸ್ವಾತಂತ್ರ್ಯಾನಂತರ ೧೯೫೨ರ ಅಕ್ಟೋಬರ್ ೨ರಂದು ಸಮುದಾಯ ಅಭಿವೃದ್ಧಿ ಯೋಜನೆಯು ದೇಶದಲ್ಲಿ ಆರಂಭವಾಯಿತು. ಶ್ರಮದಾನದ ರಸ್ತೆಗಳು, ಯುವಕ ಸಂಘಗಳು, ಗ್ರಾಮಸೇವಕರು ಆ ಕಾಲದ ಉತ್ಸಾಹದ ಕುರುಹುಗಳು. ೧೯೭೪ರಲ್ಲಿ ಕಬಿನಿ ಜಲಾಶಯ ಪೂರ್ಣಗೊಂಡು ಎರಡೂ ತಾಲ್ಲೂಕುಗಳ ಬೆದ್ದಲಿನ ಒಂದು ಭಾಗ ಗದ್ದೆಯಾಯಿತು. ಅದೇ ವರ್ಷ ಮಾರ್ಚ್ ೧ರಿಂದ ಜಾರಿಗೆ ಬಂದ ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ ಗೇಣಿದಾರನಿಗೆ ಉಳುವ ನೆಲದ ಹಕ್ಕನ್ನು ಕೊಟ್ಟಿತು. ಇವುಗಳ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಹೆಗ್ಗಡದೇವನಕೋಟೆಯ ಕಡೆ ಮುಳುಗಿದ ಹಳ್ಳಿಗಳವರ ತ್ಯಾಗದಿಂದ ಕೆಳಗಿನ ಬಯಲು ಹಸಿರಾಯಿತೆಂಬುದನ್ನು ಮರೆಯುವಂತೆಯೂ ಇಲ್ಲ. ಆದರೆ ನೀರು ಬಂದೆಡೆ ನೆಲವಿದ್ದವನು ಮೇಲೇರಿದ. ನೆಲವಿಲ್ಲದವನು ಕೂಲಿಯಾಗಿಯೇ ಉಳಿದ. ಊರಿಗೂ ಕೇರಿಗೂ ನಡುವಿನ ಅಂತರವನ್ನು ಕಾಲುವೆ ತಾನಾಗಿ ತುಂಬಲಿಲ್ಲ.

ಈ ಅಂತರವನ್ನು ಸ್ವಲ್ಪ ಮಟ್ಟಿಗಾದರೂ ಕಿರಿದಾಗಿಸಿದ್ದು ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳು. ೧೯೮೦ರ ದಶಕದಲ್ಲಿ ಮೈರಾಡದಂತಹ ಸ್ವಯಂಸೇವಾ ಸಂಸ್ಥೆಗಳು ಕರ್ನಾಟಕದ ಹಳ್ಳಿಗಳಲ್ಲಿ ಬೆಳೆಸಿದ ಈ ಪದ್ಧತಿಯನ್ನು ೧೯೯೨ರಲ್ಲಿ ನಬಾರ್ಡ್ ಬ್ಯಾಂಕುಗಳೊಡನೆ ಜೋಡಿಸಿತು. ೨೦೦೦ನೆಯ ಇಸವಿಯಲ್ಲಿ ರಾಜ್ಯ ಸರ್ಕಾರದ ‘ಸ್ತ್ರೀಶಕ್ತಿ’ ಯೋಜನೆ ಅದನ್ನು ಹಳ್ಳಿಹಳ್ಳಿಗೂ ಒಯ್ದಿತು. ಹದಿನೈದು ಇಪ್ಪತ್ತು ಮಂದಿ ವಾರಕ್ಕೊಮ್ಮೆ ಸೇರಿ ಸಣ್ಣ ಮೊತ್ತವನ್ನು ಕೂಡಿಡುವುದು, ಅದನ್ನೇ ತಮ್ಮೊಳಗೆ ಸರದಿಯಂತೆ ಸಾಲವಾಗಿ ಪಡೆಯುವುದು, ಯಾರ ಕಷ್ಟ ಹೆಚ್ಚು ಎಂಬುದನ್ನು ತಾವೇ ತೀರ್ಮಾನಿಸುವುದು, ಇದು ಮುಯ್ಯಾಳಿನ ಹಳೆಯ ನೀತಿಯೇ ಹಣದ ರೂಪದಲ್ಲಿ ಮರುಹುಟ್ಟು ಪಡೆದಂತೆ.

ಆದರೆ ಸಂಘದ ಹೆಸರು ಉಳಿದು ಅದರ ಪ್ರಾಣ ಹೋದಾಗ ಏನಾಗುತ್ತದೆಂಬುದನ್ನೂ ಇದೇ ಸೀಮೆ ಕಂಡಿತು. ಹೊರಗಿನ ಕಿರುಸಾಲ ಸಂಸ್ಥೆಗಳು ಹೆಂಗಸರ ಗುಂಪುಗಳನ್ನು ಕಟ್ಟಿ, ಒಬ್ಬರಿಗೊಬ್ಬರನ್ನು ಜಾಮೀನಾಗಿಸಿ, ಒಂದರ ಮೇಲೊಂದು ಸಾಲ ಕೊಟ್ಟವು. ಕೂಡಿಟ್ಟ ಹಣ ಅಲ್ಲಿರಲಿಲ್ಲ. ಕಂತಿನ ಗಡುವು ಮಾತ್ರವಿತ್ತು. ೨೦೨೫ರ ಜನವರಿಯಲ್ಲಿ ನಂಜನಗೂಡು ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ವಸೂಲಿಯ ಕಾಟ ತಾಳಲಾರದೆ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟವೆಂಬ ಸುದ್ದಿ ರಾಜ್ಯವನ್ನೇ ಕಲಕಿತು. ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು. ಎರಡು ವ್ಯವಸ್ಥೆಗಳಲ್ಲಿಯೂ ಹೆಂಗಸರು ವೃತ್ತಾಕಾರವಾಗಿಯೇ ಕೂರುತ್ತಾರೆ, ಪುಸ್ತಕದಲ್ಲಿ ಲೆಕ್ಕ ಬರೆಯುತ್ತಾರೆ. ಒಂದರಲ್ಲಿ ನೆರೆಯವಳು ಆಸರೆ; ಇನ್ನೊಂದರಲ್ಲಿ ನೆರೆಯವಳು ಕಾವಲುಗಾರ್ತಿ. ವ್ಯತ್ಯಾಸ ಅಷ್ಟೇ, ಆದರೆ ಬದುಕು ಸಾವಿನಷ್ಟು.

ಎಳೆ ಕಡಿದ ಊರು

ಬದನವಾಳಿನ ಕಥೆಯ ಎರಡನೆಯ ಭಾಗವನ್ನು ಹೇಳದೆ ಈ ಇತಿಹಾಸ ಪೂರ್ಣವಾಗದು. ೧೯೯೩ರ ಮಾರ್ಚ್ ತಿಂಗಳಿನಲ್ಲಿ ಗ್ರಾಮದ ಸಿದ್ಧೇಶ್ವರ ದೇವಾಲಯದ ಪ್ರವೇಶದ ಪ್ರಶ್ನೆಯಿಂದ ಬೆಳೆದ ವೈಮನಸ್ಯವು ದಲಿತ ಸಮಾಜದ ಮೂವರ ಕೊಲೆಯಲ್ಲಿ ಪರ್ಯವಸಾನವಾಯಿತು. ಹಲ್ಲೆ ಮಾಡಿದವರು ಲಿಂಗಾಯತ ಸಮಾಜಕ್ಕೆ ಸೇರಿದವರು ಎಂಬುದನ್ನು ಮರೆಮಾಚುವುದು ಇತಿಹಾಸಧರ್ಮವೂ ಅಲ್ಲ, ಶರಣಧರ್ಮವೂ ಅಲ್ಲ. ಹರಳಯ್ಯನವರನ್ನು ಶರಣರೆಂದು ನಮಿಸುವ ಪರಂಪರೆಯ ವಾರಸುದಾರರ ಊರಿನಲ್ಲಿ, ಗಾಂಧೀಜಿ ಕಾಲಿಟ್ಟ ನೆಲದಲ್ಲಿ, ಕೇರಿಯ ಹೆಣ್ಣುಮಕ್ಕಳು ನೂತ ನೂಲನ್ನು ಉಟ್ಟ ನಾಡಿನಲ್ಲಿ ಇದು ನಡೆಯಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ಹೊಸ ಪಂಚಾಯತ್ ರಾಜ್ ಕಾಯಿದೆ ಜಾರಿಗೆ ಬಂದು ಊರಿನ ಆಡಳಿತದಲ್ಲಿ ಎಲ್ಲರಿಗೂ ಪಾಲು ಕೊಟ್ಟಿತು. ಆದರೆ ಬದನವಾಳಿನಲ್ಲಿ ಊರಿನಿಂದ ಕೇರಿಗೆ ಹೋಗುವ ದಾರಿಯೇ ಜನಸಂಚಾರವಿಲ್ಲದೆ ಪಾಳುಬಿದ್ದಿತು.

ಖಾದಿ ಕೇಂದ್ರದ ಅವನತಿಗೆ ಗಿರಣಿ ಬಟ್ಟೆಯ ಅಗ್ಗ, ಅನುದಾನದ ಅವಲಂಬನೆ ಮೊದಲಾಗಿ ಹಲವು ಕಾರಣಗಳಿವೆ. ಅದನ್ನೆಲ್ಲ ಒಂದು ದುರ್ಘಟನೆಯ ಮೇಲೆ ಹೊರಿಸಲಾಗದು. ಆದರೆ ಒಂದು ಮಾತು ನಿಜ. ಮುಟ್ಟಿದ ನೂಲನ್ನು ಕೊಂಡು ಉಟ್ಟವರು ಮುಟ್ಟಿದ ಕೈಯನ್ನು ಹಿಡಿಯಲಿಲ್ಲ. ಆರ್ಥಿಕ ಸಂಬಂಧ ಬೆಳೆದಷ್ಟು ಮನುಷ್ಯ ಸಂಬಂಧ ಬೆಳೆಯಲಿಲ್ಲ. ಅರವತ್ತು ವರ್ಷಗಳಿಗೂ ಮಿಕ್ಕಿ ನಡೆದ ರಾಟೆ ಊರನ್ನೂ ಕೇರಿಯನ್ನೂ ಸಂತೆಯಲ್ಲಿ ಸೇರಿಸಿತೇ ಹೊರತು ಗುಡಿಯಲ್ಲಿ ಸೇರಿಸಲಿಲ್ಲ.

೨೦೧೫ರ ಏಪ್ರಿಲ್ ತಿಂಗಳಿನಲ್ಲಿ ರಂಗಕರ್ಮಿ ಪ್ರಸನ್ನರ ಮುಂದಾಳುತನದಲ್ಲಿ ಪಾಳುಬಿದ್ದ ಖಾದಿ ಕೇಂದ್ರದ ಆವರಣದಲ್ಲಿ ‘ಬದನವಾಳು ಸತ್ಯಾಗ್ರಹ’ ನಡೆಯಿತು. ನಾನಾ ಕಡೆಗಳಿಂದ ಪಾದಯಾತ್ರೆಯಲ್ಲಿ ಬಂದವರು ಸುಸ್ಥಿರ ಬದುಕಿನ ಪ್ರಶ್ನೆಯನ್ನು ಅಲ್ಲಿ ಮತ್ತೆ ಎತ್ತಿದರು. ೨೦೨೨ರ ಅಕ್ಟೋಬರ್ ೨ರಂದು, ಗಾಂಧಿ ಜಯಂತಿಯ ದಿನ, ಪಾದಯಾತ್ರೆಯಲ್ಲಿದ್ದ ರಾಹುಲ್ ಗಾಂಧಿಯವರು ಖಾದಿ ಕೇಂದ್ರಕ್ಕೆ ಭೇಟಿಯಿತ್ತ ಸಂದರ್ಭದಲ್ಲಿ, ೧೯೯೩ರಿಂದ ಬಳಕೆ ತಪ್ಪಿದ್ದ ಆ ದಾರಿ ದುರಸ್ತಿಯಾಗಿ ಮತ್ತೆ ತೆರೆಯಿತು. ಎರಡೂ ಸಮಾಜದವರು ಒಟ್ಟಿಗೆ ಕುಳಿತು ಉಂಡರು. ರಾಜಕೀಯದ ಲಾಭನಷ್ಟಗಳು ಆ ದಿನದ್ದು. ದಾರಿ ಮಾತ್ರ ಊರಿನದು. ಅದರ ಮೇಲೆ ದಿನವೂ ಮಕ್ಕಳು ಓಡಾಡಿದರೆ ಅದು ದಾರಿ; ಇಲ್ಲದಿದ್ದರೆ ಕಲ್ಲುಚಪ್ಪಡಿ. ಉಳಿದ ಕೆಲಸವನ್ನು ಯಾವ ಯಾತ್ರಿಕನೂ ಮಾಡಿಕೊಡಲಾರ, ಊರೇ ಮಾಡಬೇಕು.

ನೆರೆಯ ಪರೀಕ್ಷೆ

ಊರಿನ ಒಗ್ಗಟ್ಟನ್ನು ಪರೀಕ್ಷಿಸಲು ಹೊಳೆ ಆಗಾಗ ಬರುತ್ತದೆ. ೨೦೧೮ರಲ್ಲಿಯೂ ೨೦೧೯ರ ಆಗಸ್ಟ್ ತಿಂಗಳಿನಲ್ಲಿಯೂ ವಯನಾಡಿನ ಮಳೆಗೆ ಕಬಿನಿ ತುಂಬಿ, ಬಿಟ್ಟ ನೀರು ನಂಜನಗೂಡಿನ ತಗ್ಗು ಬಡಾವಣೆಗಳನ್ನೂ ಸ್ನಾನಘಟ್ಟವನ್ನೂ ಹದಿನಾರು ಕಾಲು ಮಂಟಪವನ್ನೂ ಆವರಿಸಿತು. ೨೦೧೯ರಲ್ಲಿ ಮಲ್ಲನಮೂಲೆ ಮಠದ ಬಳಿ ಮೈಸೂರು-ಊಟಿ ಹೆದ್ದಾರಿ ಕಡಿಯಿತು. ಸುತ್ತೂರಿನ ಸೇತುವೆಯೂ ಮುಳುಗಿತು. ತಿರುಮಕೂಡಲು ಸಂಗಮದ ಕೆಳಗೆ ಎರಡು ಹೊಳೆಗಳ ನೀರು ಒಂದಾಗಿ ನರಸೀಪುರ, ತಲಕಾಡುಗಳ ದಡದ ಗದ್ದೆಗಳು ಕೆರೆಗಳಾದವು. ಇಂತಹ ಗಳಿಗೆಯಲ್ಲಿ ದೂರದಿಂದ ಬರುವ ದೋಣಿಗಿಂತ ಮೊದಲು ಬರುವುದು ನೆರೆಮನೆಯವನ ಕೈ. ಮುದುಕರನ್ನು ಬೆನ್ನ ಮೇಲೆ ಹೊರುವುದು, ದನಗಳ ಹಗ್ಗ ಬಿಚ್ಚುವುದು, ಶಾಲೆಯ ಬೀಗ ತೆಗೆದು ಒಲೆ ಹಚ್ಚುವುದು, ಇವು ಅಪ್ಪಣೆಗೆ ಕಾಯುವ ಕೆಲಸಗಳಲ್ಲ. ಗಂಜಿ ಕೇಂದ್ರದ ಪಂಕ್ತಿಯಲ್ಲಿ ಊರೂ ಕೇರಿಯೂ ಒದ್ದೆ ಬಟ್ಟೆಯಲ್ಲಿಯೇ ಒಟ್ಟಿಗೆ ಕೂರಬೇಕಾಗುತ್ತದೆ. ನೆರೆ ಇಳಿದ ಮೇಲೆಯೂ ಆ ಪಂಕ್ತಿ ಉಳಿಯುತ್ತದೆಯೇ ಎಂಬುದೇ ನಿಜವಾದ ಪರೀಕ್ಷೆ.

ಒಂದು ಶತಮಾನದ ಈ ಅನುಭವದಿಂದ ಹೊರಡುವ ನಿರ್ಣಯಗಳು ಸ್ಪಷ್ಟವಾಗಿವೆ. ಮೊದಲನೆಯದು, ಹಳ್ಳಿ ತನ್ನ ಪಾಲನ್ನು, ಅದು ಒಂದು ಕೊಳಗ ರಾಗಿಯೇ ಆಗಲಿ, ಒಂದು ಲಡಿ ನೂಲೇ ಆಗಲಿ, ತಾನು ಕೊಟ್ಟಾಗ ಮಾತ್ರ ಸೇವೆ ಅದರದಾಗುತ್ತದೆ. ಎರಡನೆಯದು, ಸರ್ಕಾರದ ಕಾಯಿದೆ, ನಾಲೆ, ಬ್ಯಾಂಕುಗಳು ಅನಿವಾರ್ಯ. ಆದರೆ ಅವು ಊರಿನ ಹೊಣೆಗೆ ಬೆಂಬಲವಾಗಬೇಕೇ ಹೊರತು ಬದಲಿಯಾಗಬಾರದು. ಮೂರನೆಯದು, ಎಲ್ಲಕ್ಕಿಂತ ಹಿರಿದು, ‘ಊರು’ ಎಂಬ ಪದದ ಅರ್ಥದಲ್ಲಿ ಕೇರಿ ಸೇರದಿದ್ದರೆ ಎಷ್ಟು ವರ್ಷ ನೂತರೂ ಎಳೆ ಒಂದು ದಿನ ಕಡಿಯುತ್ತದೆ. ಸುತ್ತೂರಿನ ಪಂಕ್ತಿಯಲ್ಲಿ ಉಂಡು ಬೆಳೆದವರೂ ಬದನವಾಳಿನ ನೂಲಿನ ನೆನಪನ್ನು ಹೊತ್ತವರೂ ಒಂದೇ ತಾಲ್ಲೂಕಿನವರು. ಎರಡು ಊರುಗಳಿಗೂ ಕಪಿಲೆಯೇ ಹೊಳೆ. ದಾಸೋಹದ ಒಲೆ ಮಠದ ಅಡುಗೆಮನೆಯಲ್ಲಿ ಉರಿದಂತೆ ಪ್ರತಿ ಊರಿನ ಗುಡಿಯ ಮುಂದೆ, ಪ್ರತಿ ಬಾವಿಯ ಕಟ್ಟೆಯ ಮೇಲೆ ಉರಿಯುವವರೆಗೆ ಈ ಸೀಮೆಯ ಗ್ರಾಮಸೇವೆಯ ಕಾಯಕ ಮುಗಿದಿಲ್ಲ.